ಫೀಮಿ ಹೇಳಿದ ಭಾನುವಾರ

ವಸಂತದಲ್ಲಿ ಇಲ್ಲಿ ಹವೆ ಹೇಗಿರುತ್ತದೆ ಎಂದು ಕೇಳದ ಪ್ರವಾಸಿಯನ್ನು ಫೀಮಿ ಕ್ವಾಶಿ ಇನ್ನೂ ಕಂಡಿರಲಿಲ್ಲ. ಸೀ ಆಲ್ಮಂಡ್ ಹೋಟೆಲಿನ ಊಟದ ಮನೆಯಲ್ಲಿ ತಟ್ಟೆ ಹೊತ್ತು ಹೊತ್ತು ಅವಳ ಮಂಡಿ ಸವೆದಿತ್ತು, ಆ ಪ್ರಶ್ನೆ ಮಾತ್ರ ಸವೆದಿರಲಿಲ್ಲ. ಹಿಮದ ನಾಡುಗಳಿಂದ ಬಂದವರು ಬೆನ್ನಿಗೆ ಎಣ್ಣೆ ಮೆತ್ತಿಕೊಂಡು, ಪಪ್ಪಾಯಿ ಹೋಳಿಗೆ ನಿಂಬೆ ಹಿಂಡಿಕೊಳ್ಳುತ್ತ ಕೇಳುವರು.

"ವಸಂತ ಅಂದ್ರೆ ನಿಮ್ಮೂರಲ್ಲಿ ಬಿಟ್ಟು ಬಂದಿದೀರಲ್ಲ, ಅದೇ ತಾನೆ? ಇಲ್ಲಿ ಅದಿಲ್ಲ. ಒಣಗಾಲ, ಮಳೆಗಾಲ, ಎರಡೇ. ಈಗ ಒಣಗಾಲದ ಬಾಲ ನಡೀತಿದೆ" ಎನ್ನುವಳು ಫೀಮಿ.

ಅವರು ನಗುವರು. ಎಷ್ಟು ಚೆಂದ, ದಿನವೂ ಬಿಸಿಲು, ಮೋಡವೇ ಇಲ್ಲ, ಸಂಜೆಗೆ ತಂಪು ಗಾಳಿ ಎನ್ನುವರು. ಬೇಲಿಯ ಗೊಬ್ಬರದ ಗಿಡಗಳು ಎಲೆಯನ್ನೆಲ್ಲ ಉದುರಿಸಿ ಗುಲಾಬಿ ಹೂ ಹೊತ್ತು ನಿಂತಿರುತ್ತಿದ್ದವು. ಅದನ್ನು ತೋರಿಸಿ, "ಅಗೋ ವಸಂತ" ಎನ್ನುವರು. ಬಾಯಾರಿದ ಗಿಡ ಹೂ ಬಿಟ್ಟರೆ ಅದು ಹಬ್ಬಕ್ಕಲ್ಲ, ಹೆದರಿಕೆಗೆ ಎಂದು ಫೀಮಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳು. ಆದರೆ ಬೆಳಗಿನ ಕಾಫಿಯ ಜೊತೆಗೆ ಅಂಥ ಮಾತು ಬಡಿಸುವಂತಿರಲಿಲ್ಲ.

ಕ್ಯಾರಿಯಕೂ ದ್ವೀಪದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಸೂರಿನ ಮೇಲೆ ಬಿದ್ದದ್ದು ತೊಟ್ಟಿಗೆ, ತೊಟ್ಟಿಯಲ್ಲಿದ್ದದ್ದು ಬಾಯಿಗೆ. ಫೀಮಿ ಹುಟ್ಟಿದ್ದು ಇಂಥದೇ ಒಂದು ಒಣಗಾಲದ ಕೊನೆಯಲ್ಲಿ. ಅವ್ವ ಇಸೋಲಾ ಕೂಸನ್ನು ಕಡಲ ನೀರಿನಲ್ಲಿ ತೊಳೆದು, ಒಂದು ಸೋರೆಬುರುಡೆಯಷ್ಟು ಸಿಹಿನೀರನ್ನು ನೆರೆಯವರಲ್ಲಿ ಬೇಡಿ ತಂದು ಮೈಮೇಲೆ ಹಾಯಿಸಿದ್ದಳಂತೆ. "ಹುಟ್ಟಿದ ದಿನವೇ ಊರಿನ ನೀರು ಕುಡಿದವಳು ನೀನು" ಎಂದು ಜಗಳ ಬಂದಾಗಲೆಲ್ಲ ಅವ್ವ ಅನ್ನುತ್ತಿದ್ದಳು. ಫೀಮಿ ತಲೆಯ ಮೇಲೆ ಕೊಡ ಹೊತ್ತೇ ಬೆಳೆದಳು. ಗಂಡ ಆಲ್ಸ್ಟನ್ ಹಾಯಿ ಹಡಗಿನಲ್ಲಿ ಸರಕು ಸಾಗಿಸುತ್ತಿದ್ದವನು, ಒಂದು ಸಲ ಹೋದವನು ಬೇರೊಂದು ದ್ವೀಪದಲ್ಲಿ ಬೇರೊಬ್ಬಳ ಮನೆಯಲ್ಲಿ ಲಂಗರು ಹಾಕಿದ. ಫೀಮಿ ಅಳಲಿಲ್ಲ. ಅವನು ಬಿಟ್ಟುಹೋದ ಸಿಮೆಂಟು ಚೀಲಗಳನ್ನು ಹೊರಕ್ಕೆಳೆದು, ಮೇಸ್ತ್ರಿಯ ಪಕ್ಕದಲ್ಲಿ ತಾನೇ ಕಲಸಿ, ಮನೆಯ ಹಿಂದೆ ತೊಟ್ಟಿ ಕಟ್ಟಿಸಿದಳು. ಗಂಡಸು ಸೋರಿಹೋದರೂ ತೊಟ್ಟಿ ಸೋರಬಾರದು ಎಂಬುದು ಆ ಬೀದಿಯಲ್ಲಿ ಅವಳ ಹೆಸರಿಗೇ ಅಂಟಿಕೊಂಡ ಗಾದೆಯಾಯಿತು.

ಈ ಸಲದ ಒಣಗಾಲದಲ್ಲಿ ಆ ತೊಟ್ಟಿಯೂ ಬರಿದಾಯಿತು. ಕೊಡ ಇಳಿಸಿದರೆ ತಳದ ಕಲ್ಲಿಗೆ ಬಡಿದು ಗಂಟೆಯಂತೆ ಸದ್ದು ಬರುತ್ತಿತ್ತು. ಕೊಯ್ಲು ಮುಗಿದ ಮೇಲೆ ಹಗ್ಗ ಬಿಚ್ಚಿ ಬಿಟ್ಟ ದನ ಆಡುಗಳು ದ್ವೀಪದ ತುಂಬ ನೀರು ಹುಡುಕುತ್ತ ಅಲೆದು, ಒಂದೊಂದೇ ಮುಳ್ಳುಗಿಡದ ನೆರಳಿನಲ್ಲಿ ಮಲಗಿ ಏಳದಾದವು. ಸಮುದ್ರದಾಚೆಯ ಮರಳುಗಾಡಿನ ಧೂಳು ಗಾಳಿಯಲ್ಲಿ ಬಂದು ಆಕಾಶವನ್ನು ತೊಳೆಯದ ತಟ್ಟೆಯ ಹಾಗೆ ಮಾಡಿತ್ತು. ಹೋಟೆಲಿನ ಈಜುಕೊಳ ಮಾತ್ರ ನೀಲಿಯಾಗಿ ನಗುತ್ತಿತ್ತು.

ಆಗ ಫೀಮಿಗೆ ಕನಸು ಬಿತ್ತು. ತೀರಿಕೊಂಡಿದ್ದ ಅವ್ವ ಇಸೋಲಾ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಕೈಯಲ್ಲಿದ್ದ ಬುರುಡೆಯನ್ನು ಬೋರಲು ಹಾಕಿ ತೋರಿಸಿ, "ಬಾಯಿ ಒಣಗಿದೆ ಫೀಮಿ. ಈಸ್ಟರ್ ಆದ ಎರಡನೇ ಭಾನುವಾರ ಉಣ್ಣೋಕೆ ಹಾಕು" ಎಂದಳು.

ಆ ಊರಿನಲ್ಲಿ ಇಂಥ ಕನಸು ಒಬ್ಬರ ಸ್ವಂತದ್ದಲ್ಲ. ಹಿರಿಯರು ಬಂದು ಊಟ ಕೇಳಿದರೆ ಊರೆಲ್ಲ ಸೇರಿ ಬಯಲಿನಲ್ಲಿ ಒಲೆ ಹೂಡಿ, ಹಿರಿಯರಿಗೆ ಎಡೆಯಿಟ್ಟು, ಡೋಲು ಬಾರಿಸಿ ಮಳೆಯನ್ನು ಕರೆಯಬೇಕು. ಅದಕ್ಕೆ ಮರೂನ್ ಎನ್ನುತ್ತಾರೆ. ದಿನ ಗೊತ್ತುಮಾಡುವವರು ಪಾದ್ರಿಯಲ್ಲ, ಪಂಚರಲ್ಲ, ಕನಸು ಕಂಡವರು. ಕಂಡವರು ಹೇಳಿದ ದಿನವನ್ನು ಮತ್ತೆ ಕಂಡವರೇ ಬದಲಿಸಬೇಕು, ಬೇರೆ ಯಾರ ಮಾತೂ ನಡೆಯುವುದಿಲ್ಲ.

ಬೆಳಗಾಗುತ್ತಲೇ ಫೀಮಿ ದೊಡ್ಡಪ್ಪನ ಮಗಳು ಲೂಸೀನಳ ಮೆಟ್ಟಿಲಿಗೆ ಹೋದಳು. ಊರಿನ ಹಿರಿಯ ಡೋಲಿನವ ಪಾಪಾ ಕಾಸ್ನೆಲ್ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ.

"ಯಾವ ಭಾನುವಾರ ಅಂದ್ಲು?" ಎಂದು ಅವನು ಕೇಳಿದ.

"ಈಸ್ಟರ್ ಆದ ಎರಡನೇದು ಪಾಪಾ."

"ಸರಿಯಾಗಿ ಕೇಳಿಸ್ಕೊಂಡ್ಯಾ ಮಗಳೇ? ಬದುಕಿದ್ದಾಗ ಇಸೋಲಾ ಬಾಯೊಳಗೇ ಗೊಣಗ್ತಿದ್ಲು."

"ಈಗ ಸ್ಪಷ್ಟವಾಗಿ ಮಾತಾಡ್ತಾಳೆ. ಹಲ್ಲೆಲ್ಲ ವಾಪಸ್ ಬಂದಿವೆ."

"ಅಯ್ಯೋ, ಹಾಗಾದ್ರೆ ಆಡಿನ ಮಾಂಸಾನೂ ಕೇಳ್ತಾಳೆ ನೋಡು" ಎಂದಳು ಲೂಸೀನ್. "ಹಲ್ಲಿಲ್ಲದಾಗಲೇ ನಮ್ಮನೆ ಆಡು ತಿಂದು ತೀರಿಸಿದ್ಲು."

ಸುದ್ದಿ ಮಧ್ಯಾಹ್ನದೊಳಗೆ ಊರು ಸುತ್ತಿ, ಸಂಜೆಗೆ ಹೋಟೆಲಿನ ಅಡುಗೆಮನೆ ಸೇರಿ, ಮರುದಿನ ಮ್ಯಾನೇಜರ್ ಕಾಲಿಸ್ಟರ ಕಿವಿಗೆ ಬಿತ್ತು. ಕಾಲಿಸ್ಟ್ ಪಕ್ಕದ ದೊಡ್ಡ ದ್ವೀಪ ಗ್ರೆನಡಾದವರು, ಹೊಸದಾಗಿ ಬಂದವರು. ಕೆಟ್ಟವರಲ್ಲ. ಇಸ್ತ್ರಿ ಕೆಡದ ಅಂಗಿ, ಏರದ ದನಿ. ಅವರು ಫೀಮಿಯನ್ನು ಕಚೇರಿಗೆ ಕರೆಸಿ ಕುರ್ಚಿ ತೋರಿಸಿದರು. ಕೆಲಸದ ಹೊತ್ತಿನಲ್ಲಿ ಆ ಹೋಟೆಲಿನಲ್ಲಿ ಫೀಮಿ ಕೂತದ್ದು ಅದೇ ಮೊದಲು.

"ನೋಡಿ ಮಿಸ್ ಫೀಮಿ, ನಾನು ಇದನ್ನೆಲ್ಲ ನಂಬೋನಲ್ಲ."

"ನಂಬಿ ಅಂತ ಯಾರೂ ಹೇಳಿಲ್ಲವಲ್ಲ ಸಾರ್."

"ಆದ್ರೆ ಸೋಮವಾರ ಇಲ್ಲಿ ಮದುವೆ. ಮರಳ ಮೇಲೆ, ಬಯಲಲ್ಲಿ. ಹ್ಯಾಲ್ವರ್ಸನ್ ಅವರ ಮಗಳದ್ದು. ಅವರ ಮನೆ ಬಾಗಿಲಲ್ಲಿ ಇನ್ನೂ ಹಿಮ ಇದೆಯಂತೆ. ಏಪ್ರಿಲ್ಲಲ್ಲಿ ಒಂದು ಹನಿ ಬೀಳಲ್ಲ ಅಂತ ನಾನು ಮಾತು ಕೊಟ್ಟಿದೀನಿ."

"ನಮ್ಮದು ಭಾನುವಾರ ಸಾರ್. ಅಡ್ಡ ಬರಲ್ಲ."

"ಅದೇ ಹೇಳ್ತಿರೋದು. ಹಿಂದಿನ ದಿನವೇ ನೀವು ಮಳೆ ಕರೆದ್ರೆ... ಒಂದು ವಾರ ಮುಂದಕ್ಕೆ ಹಾಕಿ."

ಫೀಮಿ ಅವರ ಮುಖ ನೋಡಿದಳು. "ನಂಬಲ್ಲ ಅಂದ್ರಿ?"

"ನಂಬಲ್ಲ." ಕಾಲಿಸ್ಟ್ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದರು. "ಆದ್ರೂ ಯಾಕೆ ಸುಮ್ನೆ."

"ದಿನ ನಂದಲ್ಲ. ನಮ್ಮವ್ವಂದು."

"ಹಾಗಾದ್ರೆ ಇನ್ನೊಂದು ಕನಸು ಕಾಣಿ" ಎಂದರು ಅವರು, ಹೊಸ ಮೇಜುಬಟ್ಟೆ ಹಾಸಲು ಹೇಳಿದಷ್ಟೇ ಸಲೀಸಾಗಿ. ಆಮೇಲೆ ತಮಗೇ ನಾಚಿಕೆಯಾದವರಂತೆ ಕಿಟಕಿಯ ಕಡೆ ತಿರುಗಿ ಉಳಿದದ್ದನ್ನೂ ಹೇಳಿದರು. ಊಟದ ಮನೆಯ ಮೇಲ್ವಿಚಾರಕಿ ಮಿಸೆಸ್ ಬೆಥೆಲ್ ತಿಂಗಳ ಕೊನೆಗೆ ಕೆಲಸ ಬಿಡುತ್ತಾಳೆ. ಬಾಗಿಲ ಬಳಿಯ ಮೇಜು, ಕುರ್ಚಿ, ಬಂದವರಿಗೆ ನಮಸ್ಕಾರ ಹೇಳಿ ಜಾಗ ತೋರಿಸುವುದು. ತಟ್ಟೆ ಹೊರಬೇಕಿಲ್ಲ. "ಆ ಕುರ್ಚಿ ನಿಮಗೇ ಅಂತ ನನ್ನ ಮನಸ್ಸಲ್ಲಿದೆ. ನನ್ನ ಮನಸ್ಸು ಹಾಗೇ ಇರಲಿ ಅಂತ ನೋಡ್ಕೊಳ್ಳಿ."

ಆ ಸಂಜೆ ಮನೆಯ ದಿಬ್ಬ ಹತ್ತುವಾಗ ಫೀಮಿ ಅರ್ಧದಲ್ಲಿ ಬೇಲಿಗೂಟ ಹಿಡಿದು ನಿಂತಳು. ಮಂಡಿಯೊಳಗೆ ಮರಳು ತುಂಬಿ ಯಾರೋ ತಿರುವುತ್ತಿದ್ದ ಹಾಗಿತ್ತು. ಕುರ್ಚಿ ಸಿಕ್ಕರೆ ಇನ್ನಷ್ಟು ವರ್ಷ ದುಡಿಯಬಹುದು. ಸಿಗದಿದ್ದರೆ ಬರುವ ಒಣಗಾಲದ ಹೊತ್ತಿಗೆ ತಟ್ಟೆ ಕೈಜಾರುವುದು ಖಂಡಿತ, ಆಮೇಲೆ ಮನೆಯೇ ಗತಿ. ಒಂದು ವಾರ ತಾನೆ? ಕನಸಿನಲ್ಲಿ ಅವ್ವ ಏನೆಂದಳೆಂದು ಬಲ್ಲವರು ಯಾರು? ಅವಳೊಬ್ಬಳೇ. ಈ ಸುಳ್ಳನ್ನು ಹಿಡಿಯಲು ಭೂಮಿಯ ಮೇಲೆ ಒಬ್ಬ ಸಾಕ್ಷಿಯೂ ಇರಲಿಲ್ಲ.

ಲೂಸೀನ್ ವಿಷಯ ಕೇಳಿ ತೊಗರಿಕಾಯಿ ಸುಲಿಯುವುದನ್ನೇ ನಿಲ್ಲಿಸಿದಳು. "ಇದಕ್ಕೆ ಯೋಚನೆ ಬೇರೆ ಮಾಡ್ತಿದೀಯಾ? ನಾನಾಗಿದ್ರೆ ಇಷ್ಟು ಹೊತ್ತಿಗೆ ಎರಡು ಕನಸು ಕಂಡು ಎದ್ದಿರ್ತಿದ್ದೆ."

"ಅವ್ವ ಬಾಯಾರಿದೀನಿ ಅಂದ್ಲು ಕಣೇ."

"ಸತ್ತೋರು ಒಂದು ವಾರ ತಡ್ಕೋತಾರೆ. ಅವರಿಗೇನು ಬೇರೆ ಕೆಲಸ ಇದೆಯಾ? ನಿನ್ನ ಮಂಡಿ ತಡ್ಕೊಳ್ಳುತ್ತಾ ಹೇಳು. ಕೂತು ತಿನ್ನೋ ಅನ್ನ, ಮಾರಾಯ್ತಿ. ಒದೀಬೇಡ."

ಹಾಗಾಗಿ ಮರುದಿನ ಫೀಮಿ ಸುಳ್ಳು ಹೇಳಲೆಂದೇ ಪಾಪಾ ಕಾಸ್ನೆಲನ ಅಂಗಳಕ್ಕೆ ಹೋದಳು. ಅವನು ಡೋಲಿಗೆ ಹೊಸದಾಗಿ ಎಳೆದಿದ್ದ ಆಡಿನ ಚರ್ಮಕ್ಕೆ ಬಿಸಿಲು ಕಾಯಿಸುತ್ತಿದ್ದ.

"ಪಾಪಾ, ನಿನ್ನೆ ಮತ್ತೆ ಅವ್ವ ಬಂದಿದ್ಲು."

ಅವನು ಡೋಲನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಎದ್ದು ನಿಂತ. ತಲೆಯ ಮೇಲಿನ ಹುಲ್ಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಸತ್ತವರ ಮಾತನ್ನು ಹೊದ್ದ ತಲೆಯಲ್ಲಿ ಕೇಳುವುದು ಆ ಊರಿನಲ್ಲಿ ಪದ್ಧತಿಯಲ್ಲ. ನೆತ್ತಿ ಸುಡುವ ಬಿಸಿಲಿನಲ್ಲಿ ಆ ಬೋಳುತಲೆ, ಅದರ ಮೇಲೆ ಹತ್ತಿಯಂತೆ ಅಂಟಿದ ನಾಲ್ಕು ಬಿಳಿ ಕೂದಲು, ಕಾಯುತ್ತಿದ್ದ ಮುಸುಕು ಕಣ್ಣು. ಏನು ಹೇಳಿದರೂ ನಂಬಲು ಅವನು ಸಿದ್ಧನಾಗಿ ನಿಂತಿದ್ದ. ವಾದ ಮಾಡಿದ್ದರೆ, ಅನುಮಾನ ಪಟ್ಟಿದ್ದರೆ ಫೀಮಿ ಸುಳ್ಳು ಹೇಳಿಬಿಡುತ್ತಿದ್ದಳು. ನಂಬಿಕೆಯ ಎದುರು ಆ ದೊಡ್ಡ ಸುಳ್ಳು ಏಳಲಿಲ್ಲ, ಯಾರಿಗೂ ತೊಡಕಾಗದ ಚಿಕ್ಕದೊಂದು ಬಾಯಿಗೆ ಬಂತು.

"ಎಡೆಗೆ ಉಪ್ಪು ಹಾಕಬೇಡ ಅಂತ ನೆನಪು ಮಾಡಿ ಹೋದ್ಲು" ಎಂದಳು.

ಪಾಪಾ ಟೋಪಿ ಹಾಕಿಕೊಂಡ. "ಇಷ್ಟಕ್ಕೆ ಅಲ್ಲಿಂದ ಇಲ್ಲಿಗೆ ಬಂದ್ಲಾ? ಹಿರಿಯರ ಎಡೆಗೆ ಉಪ್ಪಿಲ್ಲ ಅಂತ ಹಾಲು ಕುಡಿಯೋ ಕೂಸಿಗೂ ಗೊತ್ತು. ಸತ್ತರೂ ಇಸೋಲಾ ಬಾಯಿ ಸುಮ್ನಿರಲ್ಲ."

ಮಾರನೆಯ ಬೆಳಿಗ್ಗೆ ಫೀಮಿ ತಾನಾಗಿಯೇ ಕಾಲಿಸ್ಟರ ಬಾಗಿಲಿಗೆ ಹೋಗಿ ನಿಂತಳು. ಈ ಸಲ ಕೂರಲಿಲ್ಲ. "ಸಾರ್, ನಿದ್ದೆ ಚೆನ್ನಾಗಿ ಬಂತು. ಕನಸೇನೂ ಬೀಳಲಿಲ್ಲ. ಭಾನುವಾರ ಅಂದ್ರೆ ಭಾನುವಾರವೇ."

ಭಾನುವಾರ ಚರ್ಚಿನ ಪೂಜೆ ಮುಗಿಯುವ ಮೊದಲೇ ನಾಲ್ದಾರಿಯ ಬಯಲಿನಲ್ಲಿ ಹೊಗೆ ಎದ್ದಿತು. ಮೂರು ಮೂರು ಕಲ್ಲಿನ ಒಲೆಗಳ ಮೇಲೆ ಮಸಿ ಹಿಡಿದ ಹಂಡೆಗಳು. ಒಂದರಲ್ಲಿ ತೊಗರಿ, ಒಂದರಲ್ಲಿ ಹೊಗೆಯಾಡಿಸಿದ ಮೀನು, ಒಂದರಲ್ಲಿ ಲೂಸೀನಳ ಆಡು. ಫೀಮಿಯ ಪಾಲಿಗೆ ಕೂಕೂ: ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು ಅಗಲ ಕೋಲಿನಿಂದ ತಿರುವಿ ತಿರುವಿ ಮಾಡುವ ಮುದ್ದೆ. ಪಕ್ಕದ ಹೆಂಗಸರು ಕೋಲು ಬಿಟ್ಟು ಕೈ ಒದರಿಕೊಂಡರೂ ಅವಳು ಬಿಡಲಿಲ್ಲ. ಬಿಸಿ ಹಿಟ್ಟನ್ನು ಒದ್ದೆ ಬುರುಡೆಗೆ ಹಾಕಿ ಗಿರಗಿರನೆ ಆಡಿಸಿದರೆ ದುಂಡನೆಯ ಉಂಡೆ ಉರುಳಿ ಬರುತ್ತಿತ್ತು. ಉಪ್ಪಿಲ್ಲದ ಮೊದಲ ಉಂಡೆಗಳು ಬಿಳಿ ಬಟ್ಟೆ ಹಾಸಿದ ಮೇಜಿಗೆ, ಹಿರಿಯರ ಎಡೆಗೆ ಹೋದವು. ಪಾಪಾ ಕಾಸ್ನೆಲ್ ಡೋಲುಗಳ ನಡುವಿನ ನೆಲಕ್ಕೆ ಕಡು ರಮ್ ಚೆಲ್ಲಿದ. ಆಮೇಲೆ ನೀರು ಚೆಲ್ಲಬೇಕು. ಪ್ರತಿ ಮನೆಯಿಂದಲೂ ಒಂದೊಂದು ಲೋಟ ತಂದು ಕೂಡಿಸಿದ್ದ ಆ ನೀರನ್ನು ಫೀಮಿ ಚೆಲ್ಲಿದಳು. ಕುಡಿಯಲೂ ಇಲ್ಲದ ನೀರು ಅದು. ಮಣ್ಣು ಅದನ್ನು ಗುಟುಕಿಸಿ ಮತ್ತೆ ಬಾಯಿ ಬಿಟ್ಟಿತು. ಡೋಲು ಶುರುವಾಯಿತು. ಮುದುಕಿಯರು ಲಂಗದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ರೆಕ್ಕೆಯಂತೆ ಬೀಸಿ ಕುಣಿದರು. ಫೀಮಿಯೂ ಕುಣಿದಳು. ಮಂಡಿ ಬೇಡವೆಂದಿತು, ಮಂಡಿಯ ಮಾತನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಸೋಮವಾರ ಬಿಸಿಲು.

ಚೊಕ್ಕ ಬಿಸಿಲು. ಮೋಡದ ಚೂರೂ ಇಲ್ಲ. ವಾರದಿಂದ ಮುಸುಕಿದ್ದ ಧೂಳು ಕೂಡ ಸರಿದು, ಕಡಲು ಮದುವೆಗೆಂದೇ ತೊಳೆದಿಟ್ಟಂತೆ ಹೊಳೆಯಿತು. ಹೂವಿನ ಕಮಾನಿನ ಕೆಳಗೆ ಮದುವೆ ನಡೆದು, ಊಟದ ಮನೆಯಲ್ಲಿ ಗಾಜಿನ ಲೋಟಗಳ ಸದ್ದೆದ್ದಿತು. ಫೀಮಿ ತಟ್ಟೆ ಹೊತ್ತು ಓಡಾಡುತ್ತಿದ್ದಳು. ಬಾರಿನಲ್ಲಿ ಕೆಲಸ ಮಾಡುವ ಡಾರ್ಸಿ ಪ್ರತಿ ಸಲ ಎದುರಾದಾಗಲೂ, "ಟಾಂಟಿ, ಕೊಡೆ ಹಿಡ್ಕೊಳ್ಳಿ, ನೆನೆದೀರಿ" ಎಂದು ಕೆಣಕಿದಳು. ಟಾಂಟಿ ಎಂದರೆ ಅಲ್ಲಿ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲವೂ. ಅಕ್ಕರೆಗೂ ಅದೇ, ಅಣಕಕ್ಕೂ ಅದೇ.

ಕಾಲಿಸ್ಟ್ ಬಹಳ ಗೆಲುವಾಗಿದ್ದರು. ಗೆಲುವಿನಲ್ಲಿ ಅವರು ಹುಡುಗಿಯ ತಂದೆಗೆ ಕನಸಿನ ಕಥೆಯನ್ನು ಹೇಳಿಬಿಟ್ಟಿದ್ದರು. ಹ್ಯಾಲ್ವರ್ಸನ್ ಎತ್ತರದ, ಬಿಸಿಲಿಗೆ ಸಿಗಡಿಯಂತೆ ಕೆಂಪಗಾದ ಮನುಷ್ಯ. ಅವರಿಗೆ ಅದು ತುಂಬ ಹಿಡಿಸಿತು. ನಮ್ಮ ಮಗಳ ಮದುವೆಯ ಮೇಲೆ ಮಳೆ ಕರೆದ ಹೆಂಗಸು ಇಲ್ಲೇ ಇದ್ದಾಳೆಯೇ, ಅವಳ ಬಾಯಲ್ಲೇ ಕೇಳಬೇಕು ಎಂದರು. ಕಾಲಿಸ್ಟ್ ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದರು.

"ಕುರ್ಚಿ ಇನ್ನೂ ಖಾಲಿ ಇದೆ ಮಿಸ್ ಫೀಮಿ. ಏನೂ ಕೆಟ್ಟದ್ದಾಗಲಿಲ್ಲ, ನನಗೂ ಕೋಪ ಇಲ್ಲ. ಬಂದು ನಗ್ತಾ ನಗ್ತಾ ಕಥೆ ಹೇಳಿ. ಕೊನೇಲಿ, ನಮ್ಮವ್ವ ದಿನ ತಪ್ಪಿ ಹೇಳಿದ್ಲು ಅಂತ ಒಂದು ಮಾತು ಸೇರಿಸಿ. ಎಲ್ಲರೂ ನಗ್ತಾರೆ. ಅಷ್ಟೆ."

"ಅಷ್ಟೇನಾ ಸಾರ್?"

"ಅಷ್ಟೇ."

ಫೀಮಿ ತಟ್ಟೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ದೊಡ್ಡ ಮೇಜಿನ ಬಳಿ ಹೋದಳು. ಎಲ್ಲ ಮುಖಗಳೂ ಅವಳತ್ತ ತಿರುಗಿದವು, ನಗು ತುಟಿಯಂಚಿನಲ್ಲೇ ಸಿದ್ಧವಾಗಿತ್ತು. ಬಾಗಿಲ ಬಳಿಯ ಕುರ್ಚಿ ಅವಳಿಗೆ ಅಲ್ಲಿಂದ ಕಾಣುತ್ತಿತ್ತು. ಬೆತ್ತದ ಕುರ್ಚಿ, ಮೇಲೆ ಹಸಿರು ದಿಂಬು.

"ಮಗಳೇ" ಎಂದಳು ಮದುಮಗಳ ಕಡೆ ನೋಡಿ, "ನಿನಗೆ ಬಿಸಿಲು ಬೇಕಿತ್ತು, ಸಿಕ್ತು. ಚೆನ್ನಾಗಿ ಬಾಳು. ನಮಗೆ ಮಳೆ ಬೇಕು, ಇನ್ನೂ ಸಿಕ್ಕಿಲ್ಲ. ನಮ್ಮವ್ವ ಭಾನುವಾರ ಉಣ್ಣೋಕೆ ಹಾಕು ಅಂದ್ಲು, ಹಾಕಿದ್ವಿ. ಉಂಡ್ಲು. ಸೋಮವಾರ ಸುರೀತೀನಿ ಅಂತ ಅವಳು ಹೇಳಿರಲಿಲ್ಲ. ನಾವೂ ಹಾಗೆ ಕೇಳಿಲ್ಲ. ಕರೆಯೋದು ನಮ್ಮ ಕೆಲಸ, ಬರೋದು ಅದರ ಕೆಲಸ. ಅದು ಬರೋ ಹೊತ್ತಿಗೆ ನೀವು ಯಾರೂ ಇಲ್ಲಿ ಇರಲ್ಲ. ನಾವು ಇರ್ತೀವಿ."

 ಮೇಜಿನ ಆ ತುದಿಯಲ್ಲಿ ಯಾರೋ ಇದನ್ನೂ ಮದುವೆಯ ಕಾರ್ಯಕ್ರಮವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ಸೇರಿದರು. ಫೀಮಿ ಅದು ಮುಗಿಯುವ ತನಕ ಕಾದಳು.

"ಚಪ್ಪಾಳೆಗೆ ಹೇಳಿದ್ದಲ್ಲ" ಎಂದಳು. ಅಡುಗೆಮನೆಯ ಬಾಗಿಲಿಗೆ ಹೋಗಿ ತಟ್ಟೆ ಎತ್ತಿಕೊಂಡು ಬಂದಳು. "ಮೀನು ಯಾರಿಗೆ, ಕೋಳಿ ಯಾರಿಗೆ?"

ಕಾಲಿಸ್ಟ್ ಬೈಯಲಿಲ್ಲ. ಎಂಜಲು ತಟ್ಟೆಗಳನ್ನು ಒಳಗೆ ತರುತ್ತಿದ್ದವಳನ್ನು ತಡೆದು, "ಒಂದು ಮಾತು ಸೇರಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಷ್ಟೇ ಕೇಳಿದರು. ಅವಳು, "ಆ ಮಾತು ನನ್ನ ಗಂಟಲ್ಲಿರಲಿಲ್ಲ ಸಾರ್" ಎಂದಳು. ಸಂಜೆಯೊಳಗೆ ಕುರ್ಚಿ ಡಾರ್ಸಿಗೆ ಎಂದು ಗೊತ್ತಾಯಿತು. ಡಾರ್ಸಿ ಮುಖ ತಪ್ಪಿಸಿ ಓಡಾಡಿದಳು. "ಹೋಗಿ ಕೂತ್ಕೊಳ್ಳೇ, ಕುರ್ಚಿ ಕಚ್ಚಲ್ಲ" ಎಂದು ಫೀಮಿಯೇ ಅವಳನ್ನು ತಳ್ಳಿ ಕೂರಿಸಿದಳು.

ಊರಿಗೆ ಬಂದರೆ ಅಲ್ಲೂ ಬಿಡುಗಡೆಯಿಲ್ಲ. ಅಂಗಡಿಯ ಜಗಲಿಯಲ್ಲಿ ಡಾಮಿನೋ ಆಡುತ್ತಿದ್ದವರು ಕೂಗಿದರು: "ಟಾಂಟಿ ಫೀಮಿ! ಅವ್ವ ಯಾವ ವರ್ಷದ ಭಾನುವಾರ ಅಂತ ಹೇಳಿದ್ಲು, ಕೇಳಿದ್ರಾ?"

"ನೀನು ದುಡಿಯೋಕೆ ಶುರು ಮಾಡೋ ವರ್ಷ ಅಂದ್ಲು. ಅದಕ್ಕೇ ತಡ ಆಗ್ತಿದೆ."

ಜಗಲಿ ನಕ್ಕಿತು. ಫೀಮಿ ನಗದೆ ದಿಬ್ಬ ಹತ್ತಿದಳು, ಬೇಲಿಗೂಟ ಹಿಡಿಯದೆ. ಲೂಸೀನಳ ಮೆಟ್ಟಿಲಲ್ಲಿ ಅವಳೂ ಪಾಪಾ ಕಾಸ್ನೆಲನೂ ಸಾವಿನ ಮನೆಯವರಂತೆ ಕೂತಿದ್ದರು.

"ಕುರ್ಚಿ ಹೋಯ್ತಂತೆ" ಎಂದಳು ಲೂಸೀನ್.

"ಹೋಯ್ತು."

"ಮಳೆಯೂ ಬರಲಿಲ್ಲ."

"ಬರಲಿಲ್ಲ. ಬರೋ ಭಾನುವಾರ ಮತ್ತೆ ಮಾಡೋಣ."

ಪಾಪಾ ತಲೆಯೆತ್ತಿದ. "ಮತ್ತೆ ಕನಸು ಬಿತ್ತಾ?"

"ಇಲ್ಲ ಪಾಪಾ."

"ಮತ್ತೆ ದಿನ ಯಾರು ಹೇಳಿದ್ದು?"

"ನಾನು. ಎಚ್ಚರವಾಗಿದ್ದೇ ಹೇಳ್ತಿದೀನಿ. ಸತ್ತೋರು ಒಂದು ಸಲ ಕೇಳಿದ್ರು, ಕೊಟ್ವಿ. ಈ ಸಲ ಬದುಕಿರೋರು ಕೇಳೋಣ."

"ಕನಸಿಲ್ಲದ ಮರೂನನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ."

"ಈಗ ಕಾಣ್ತೀರಿ. ಅದಕ್ಕೇ ಇಷ್ಟು ದಿನ ಬದುಕಿದೀರಿ ಅಂದ್ಕೊಳ್ಳಿ."

"ಹಿರಿಯರು ಸಿಟ್ಟಾದ್ರೆ?"

"ಸಿಟ್ಟಾಗಿ ಬಂದು ಬೈಲಿ. ಆಗ ಕನಸು ಬಿತ್ತಲ್ಲ!"

 ಪಾಪಾ ಕಾಸ್ನೆಲನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು. ನಗು ಕೊನೆಗೆ ಮುಖಕ್ಕೆ ಬಂತು.

"ಜೋಳ ಎಲ್ಲಿದೆ ನಿಮ್ಮಿಬ್ಬರಿಗೂ?" ಎಂದು ಲೂಸೀನ್ ಸಿಡುಕಿದಳು. "ಮನೇಲಿ ಬಿತ್ತನೆಗೆ ಇಟ್ಟಿದ್ದು ಬಿಟ್ರೆ ಕಾಳಿಲ್ಲ."

"ಅದನ್ನೇ ಬೀಸೋಣ."

"ಬೀಜಾನಾ? ನಿನಗೆ ತಲೆ ಕೆಟ್ಟಿದೆ."

"ಮಳೆ ಬರದಿದ್ರೆ ಬೀಜ ತಗೊಂಡು ಏನು ಮಾಡ್ತೀಯಾ, ಮೂಗಿಗೆ ಹಾಕ್ಕೋತೀಯಾ?"

ಫೀಮಿ ತನ್ನ ಮನೆಗೆ ಹೋಗಿ, ಅಟ್ಟದ ಕೆಳಗೆ ಹೊಗೆಗೆ ತೂಗುಹಾಕಿದ್ದ ಬಿತ್ತನೆಯ ತೆನೆಗಳನ್ನು ಗೊಂಚಲಿಗೆ ಗೊಂಚಲೇ ಇಳಿಸಿ ಹೆಗಲಿಗೆ ಹಾಕಿಕೊಂಡು ಬಂದಳು. ಕಡಲಿನ ಕಡೆ ಸೂರ್ಯ ಇಳಿಯುತ್ತಿದ್ದ, ಆಕಾಶ ಈ ಮೂಲೆಯಿಂದ ಆ ಮೂಲೆಯವರೆಗೆ ಬರಿದಾಗಿತ್ತು. ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಮಡಿಲಿಗೆ ಮೊದಲ ತೆನೆ ಎಳೆದುಕೊಂಡು ಕಾಳು ಬಿಡಿಸತೊಡಗಿದಳು. ಲೂಸೀನ್ ಸ್ವಲ್ಪ ಹೊತ್ತು ಬೈಯುತ್ತ ನಿಂತಿದ್ದಳು. ಬೈಯುತ್ತಲೇ ಒಳಗೆ ಹೋಗಿ ಬೀಸುವ ಕಲ್ಲನ್ನು ಹೊರಗೆ ಎಳೆದಳು.